ನೀಲಗಿರಿಯಲ್ಲಿ ಸೈಕಲ್: ಕೆರೆ ಕಡೆ ಹೋಗಬೇಕಾ, ಘಾಟಿ ಹತ್ತಬೇಕಾ?

ಹೊಸೂರು ಪೆಡಲ್
ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಮ್ಮ, ಅವನ ಹೆಂಡತಿ, ಮೂವರೂ ಹೊಸೂರಿನಲ್ಲಿ ರಜೆ ಸಿಕ್ಕಾಗಲೆಲ್ಲ ಸೈಕಲ್ ತುಳಿಯುವವರು. ಡೆಂಕಣಿಕೋಟೆ, ತಳಿ ಕಡೆಯ ಏರಿಳಿತ ಕಾಲಿಗೆ ರೂಢಿಯಾಗಿದೆ. ನೀರು ನೋಡಬೇಕು ಅಂದರೆ ಕೆಲವರಪಳ್ಳಿ ಅಣೆಕಟ್ಟೆಗೆ ಹೋಗಬೇಕು, ಅಲ್ಲಿ ಎಷ್ಟೋ ಸಲ ನೀರಿಗಿಂತ ನೊರೆಯೇ ಜಾಸ್ತಿ. ಹಾಗಾಗಿ ಈ ಸಲ ಆಗಸ್ಟ್ 15ರ ರಜೆಗೆ ಇನ್ನೆರಡು ದಿನ ಸೇರಿಸಿಕೊಂಡು ನೀಲಗಿರಿಗೆ ಹೋಗೋಣ ಅಂತಿದ್ದೇವೆ. ಬೆಟ್ಟ ಬೇಕು, ಕೆರೆ ಬೇಕು, ಹಾರ್ನ್ ಕಡಿಮೆ ಇರಬೇಕು.

ಮನೆಯಲ್ಲೇ ಜಗಳ ಶುರುವಾಗಿದೆ. ತಮ್ಮ ಯಾವುದೋ ವಿಡಿಯೊ ನೋಡಿ ಕಲ್ಲಟ್ಟಿ ಘಾಟಿ ಹತ್ತಲೇಬೇಕು ಅಂತ ಹಟ ಹಿಡಿದಿದ್ದಾನೆ. ನನಗೆ ಎಮರಾಲ್ಡ್, ಅವಲಾಂಚ್ ಕೆರೆ ನೋಡಬೇಕು. ತಮ್ಮನ ಹೆಂಡತಿ ಮಾತ್ರ ಒಂದೇ ಮಾತು ಹೇಳಿದ್ದಾಳೆ, ಎಲ್ಲಿಗಾದರೂ ಸರಿ, ಸಾಯಂಕಾಲ ಬಿಸಿನೀರು ಸಿಗಬೇಕು ಅಂತ. ಸೈಕಲ್ ಮೂರೂ ಹೈಬ್ರಿಡ್, ಗೇರ್ ಇದೆ. ಆ ಕಡೆಯವರು, ತುಳಿದು ಗೊತ್ತಿರುವವರು ದಾರಿ ಹೇಳಿ.

ಮೂವತ್ತಾರು ತಿರುವು
ಅಕ್ಕ, ನಿಮ್ಮ ತಮ್ಮ ಹೇಳುತ್ತಿರುವುದೇ ಸರಿ. ನೀಲಗಿರಿಗೆ ಬಂದು ಕಲ್ಲಟ್ಟಿ ಹತ್ತದೆ ಹೋದರೆ ಬಂದಿದ್ದು ಯಾಕೆ? ಮಸಿನಗುಡಿ ಬಿಟ್ಟ ಮೇಲೆ ಒಂದೊಂದು ಹೇರ್‌ಪಿನ್ ತಿರುವಿಗೂ ನಂಬರ್ ಬೋರ್ಡ್ ಇದೆ, ಒಟ್ಟು 36. ನಂಬರ್ ನೋಡಿಕೊಂಡು ಹತ್ತುತ್ತಿದ್ದರೆ ಆಯಾಸವೇ ಗೊತ್ತಾಗುವುದಿಲ್ಲ. ಮೇಲೆ ಹೋಗಿ ಹಿಂದೆ ತಿರುಗಿದರೆ ಸೀಗೂರು ಬಯಲು, ಅದರಾಚೆ ಮುದುಮಲೆ ಕಾಡು, ಎಲ್ಲ ಕಾಲ ಕೆಳಗೆ. ಕೆರೆ ಆಮೇಲೆ ಯಾವಾಗ ಬೇಕಾದರೂ ನೋಡಬಹುದು.

ಗೂಡಲೂರು ಗೇರ್
"ಆಯಾಸವೇ ಗೊತ್ತಾಗುವುದಿಲ್ಲ" ಅಂತೆ. ಅಣ್ಣ, ನೀವು ಹತ್ತಿದ್ದು ಸೈಕಲ್ಲಿನಲ್ಲೋ ಬುಲೆಟ್ಟಿನಲ್ಲೋ?

ನನಗೆ ಗೂಡಲೂರಿನಲ್ಲಿ ಸೈಕಲ್ ರಿಪೇರಿಯೇ ಕೆಲಸ, ಹಾಗಾಗಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಜಾರಾದರೆ ದಾಟಿಕೊಂಡು ಹೋಗಿ. ಮಸಿನಗುಡಿ ಹತ್ತಿರಹತ್ತಿರ ಸಾವಿರ ಮೀಟರ್ ಎತ್ತರದಲ್ಲಿದೆ, ಊಟಿ 2,240. ಕಲ್ಲಟ್ಟಿ ಕಡೆಯಿಂದ ಈ ಅಂತರವನ್ನು 30 ಕಿಲೋಮೀಟರ್ ಒಳಗೆ ಹತ್ತಬೇಕು, ಅದರಲ್ಲೂ ಬಹುಪಾಲು ಏರು ನಡುವಿನ ಘಾಟಿಯಲ್ಲೇ ಗುಡ್ಡೆ ಬಿದ್ದಿದೆ. ಗೂಡಲೂರಿನಿಂದ ನಡುವಟ್ಟಂ, ಪೈಕಾರ ದಾರಿಯಲ್ಲಿ ಹೋದರೆ ಎತ್ತರ ಹೆಚ್ಚುಕಮ್ಮಿ ಅಷ್ಟೇ, ಆದರೆ ದೂರ 50 ಕಿಲೋಮೀಟರ್. ಏರು ಹಂಚಿಹೋಗುತ್ತದೆ. ಉಸಿರು ಬಿಡಲು ಜಾಗ ಸಿಗುತ್ತದೆ.

ಈಗ ಗೇರ್ ಮಾತು. ಚಕ್ರ ಅಂದರೆ ಇಲ್ಲಿ ಗಾಲಿ ಅಲ್ಲ, ಚೈನ್ ಕೂರುವ ಹಲ್ಲಿನ ಚಕ್ರ. ಮುಂದೆ ಪೆಡಲ್ ಹತ್ತಿರದ ಚಕ್ರಕ್ಕೆ 34 ಹಲ್ಲು, ಹಿಂದಿನ ಗಾಲಿಯ ದೊಡ್ಡ ಚಕ್ರಕ್ಕೂ 34 ಹಲ್ಲು ಇದೆ ಅಂದುಕೊಳ್ಳಿ. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು, ಸೈಕಲ್ ಸುಮಾರು 2.1 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿಲೋಮೀಟರ್. ಕಲ್ಲಟ್ಟಿಯ ಕಡಿದಾದ ಕಡೆ ಈ ವೇಗ ಕೂಡ ಸಾಮಾನ್ಯದವರ ಕೈಲಾಗುವುದಿಲ್ಲ. ನಿಮ್ಮ ಹೈಬ್ರಿಡ್‌ನಲ್ಲಿ ಮುಂದೆ ಮೂರು ಚಕ್ರ ಇದ್ದು, ಸಣ್ಣದಕ್ಕೆ 28 ಹಲ್ಲು ಇದ್ದರೆ ಮಂಡಿ ಬದುಕಿಕೊಳ್ಳುತ್ತದೆ. ಮುಂದೆ ಒಂದೇ ಚಕ್ರ ಇದ್ದು ಅದಕ್ಕೆ 42 ಹಲ್ಲು ಇದ್ದರೆ ದಯವಿಟ್ಟು ಕಲ್ಲಟ್ಟಿ ಮಾತು ಬಿಡಿ. ಹೊರಡುವ ಮುಂಚೆ ಹಲ್ಲು ಎಣಿಸಿ ಇಲ್ಲಿ ಹಾಕಿ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಕಲ್ಲಟ್ಟಿಯ ಬುಡಕ್ಕೆ ಬರಬೇಕಾದರೆ ಹುಲಿ ಕಾಡು ದಾಟಬೇಕು. ತೆಪ್ಪಕಾಡಿನಿಂದ ಮಸಿನಗುಡಿಗೆ ಏಳೇ ಕಿಲೋಮೀಟರ್, ಆದರೆ ಅಲ್ಲಿ ಆನೆ ರಸ್ತೆ ಬದಿಯಲ್ಲಿ ನಿಂತಿರುವುದು ನಮಗೆ ದಿನನಿತ್ಯದ ಸಂಗತಿ. ಕಾರಿಗೆ ಬಾಗಿಲಿದೆ, ಸೈಕಲ್‌ಗೆ ಏನಿದೆ? ಸೈಕಲ್ ಸದ್ದೇ ಮಾಡುವುದಿಲ್ಲ ಬೇರೆ, ತಿರುವಿನಲ್ಲಿ ನೀವು ಎದುರಿಗೆ ಬರುವವರೆಗೂ ಆನೆಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಬಂಡೀಪುರ, ಮುದುಮಲೆ ಭಾಗವನ್ನು ಬಸ್ಸಿನಲ್ಲೋ ಕಾರಿನಲ್ಲೋ ಸೈಕಲ್ ಹಾಕಿಕೊಂಡೇ ದಾಟಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ರಸ್ತೆ ಹೇಗೂ ಬಂದ್.

ಮೂವತ್ತಾರು ತಿರುವು
ಸೈಕಲ್ಲಿನಲ್ಲೇ ಹತ್ತಿದ್ದು ಸಾರ್. ಮಧ್ಯೆ ಇಳಿದು ತಳ್ಳಿದ್ದೂ ಇದೆ, ಅದರಲ್ಲಿ ನಾಚಿಕೆ ಏನು. ಮಸಿನಗುಡಿವರೆಗೆ ಜೀಪಿನಲ್ಲಿ ಬಂದು ಅಲ್ಲಿಂದ ಶುರು ಮಾಡಿದರೆ ನೀವು ಹೇಳುವ ಕಾಡಿನ ಭಯ ಅರ್ಧ ಕಡಿಮೆ.

ಗೂಡಲೂರು ಗೇರ್
ಇನ್ನರ್ಧ ಸೀಗೂರಿನಲ್ಲಿ ಕಾಯುತ್ತಿರುತ್ತದೆ.

ಊಟಿ ಚಳಿ
ಅಕ್ಕಾ, ಮೊದಲು ತಿಂಗಳು ನೋಡಿ, ಆಮೇಲೆ ದಾರಿ ನೋಡಿ. ಇಲ್ಲಿ ಯಾರೂ ಅದನ್ನು ಕೇಳಲೇ ಇಲ್ಲ.

ನೀಲಗಿರಿಗೆ ಎರಡು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಳೆ, ಅದು ಹೊಡೆಯುವುದು ಪಶ್ಚಿಮದ ಅಂಚಿಗೆ: ಗೂಡಲೂರು, ನಡುವಟ್ಟಂ, ಅವಲಾಂಚ್, ಅಪ್ಪರ್ ಭವಾನಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಳೆ, ಅದು ಪೂರ್ವದ ಕಡೆಗೆ: ಕೂನೂರು, ಕೋತಗಿರಿ. ಊಟಿ ನಡುವೆ ಕೂತು ಎರಡರಲ್ಲೂ ಸ್ವಲ್ಪ ಸ್ವಲ್ಪ ನೆನೆಯುತ್ತದೆ. ನೀವು ಕೇಳುತ್ತಿರುವ ಎಮರಾಲ್ಡ್, ಅವಲಾಂಚ್ ಕೆರೆಗಳು ಆಗಸ್ಟ್‌ನಲ್ಲಿ ಮಳೆಯ ಬಾಯಲ್ಲೇ ಇರುತ್ತವೆ. 2019ರ ಆಗಸ್ಟ್ 8ರಂದು ಅವಲಾಂಚ್‌ನಲ್ಲಿ ಒಂದೇ ದಿನಕ್ಕೆ 82 ಸೆಂಟಿಮೀಟರ್ ಮಳೆ ಬಿತ್ತು. ತಮಿಳುನಾಡಿನ ಎಷ್ಟೋ ಜಿಲ್ಲೆಗಳಿಗೆ ಇಡೀ ವರ್ಷಕ್ಕೆ ಬೀಳುವ ಮಳೆ ಅದು. ಪ್ರತಿ ವರ್ಷ ಹಾಗಾಗುವುದಿಲ್ಲ ನಿಜ. ಆದರೆ ಆಗಸ್ಟ್‌ನಲ್ಲಿ ಆ ಕಡೆ ಕೆರೆ ಇದೆಯೋ ಇಲ್ಲವೋ ಅನ್ನುವುದೇ ಮಂಜಿನಲ್ಲಿ ಕಾಣುವುದಿಲ್ಲ.

ಕೆರೆ ನೋಡಬೇಕಿದ್ದರೆ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಬನ್ನಿ. ಆಗ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ದಾರಿ ಈಗಲೇ ಬರೆದುಬಿಡುತ್ತೇನೆ, ಯಾಕೆಂದರೆ ನನ್ನ ಪ್ರಕಾರ ಇಡೀ ಜಿಲ್ಲೆಯಲ್ಲಿ ಸೈಕಲ್‌ಗೆ ಇದಕ್ಕಿಂತ ಒಳ್ಳೆಯ ರಸ್ತೆ ಇಲ್ಲ.

ಊಟಿಯಿಂದ ಫರ್ನ್‌ಹಿಲ್ ಕಡೆ ಹೊರಟು ಮುತ್ತೋರೈ ಪಾಲಡಕ್ಕೆ ಇಳಿಯಬೇಕು. ಟೂರಿಸ್ಟ್ ಗಾಡಿಗಳು ಬೊಟಾನಿಕಲ್ ಗಾರ್ಡನ್, ದೊಡ್ಡಬೆಟ್ಟ, ಪೈಕಾರ ಅಂತ ಬೇರೆ ಕಡೆ ಹೋಗುತ್ತವೆ. ಈ ರಸ್ತೆಯಲ್ಲಿ ಜಾಸ್ತಿ ಓಡಾಡುವುದು ಸರ್ಕಾರಿ ಬಸ್ಸು, ತರಕಾರಿ ಪಿಕಪ್ಪು, ಶಾಲೆ ಮಕ್ಕಳು. ಸ್ವಲ್ಪ ದೂರ ಹೋದ ಮೇಲೆ ಬೆಟ್ಟದ ಇಳಿಜಾರಿನಲ್ಲಿ ಉದ್ದಕ್ಕೆ ಸಾಲಾಗಿ ನಿಂತ ಕಬ್ಬಿಣದ ಕಮಾನುಗಳು ಕಾಣುತ್ತವೆ. ಅದು ರೇಡಿಯೊ ದೂರದರ್ಶಕ. 530 ಮೀಟರ್ ಉದ್ದ, 30 ಮೀಟರ್ ಅಗಲ, 24 ಕಮಾನು, ಅವುಗಳ ಮೇಲೆ ಸಾವಿರಕ್ಕಿಂತ ಜಾಸ್ತಿ ಸ್ಟೀಲ್ ತಂತಿ ಎಳೆದಿದ್ದಾರೆ. 1970ರಿಂದ ಕೆಲಸ ಮಾಡುತ್ತಿದೆ. ಅದನ್ನು ಅದೇ ಗುಡ್ಡದ ಮೇಲೆ ಕಟ್ಟಿದ್ದಕ್ಕೆ ಕಾರಣ ಇದೆ. ಊಟಿ ಇರುವುದು 11 ಡಿಗ್ರಿ ಅಕ್ಷಾಂಶದಲ್ಲಿ. ಆ ಗುಡ್ಡದ ಇಳಿಜಾರೂ ಉತ್ತರ ದಕ್ಷಿಣವಾಗಿ 11 ಡಿಗ್ರಿ. ಹಾಗಾಗಿ ದೂರದರ್ಶಕದ ಉದ್ದನೆಯ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರವಾಗಿ ಕೂತಿದೆ, ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋದರೆ ಸಾಕು, ಆಕಾಶದ ಒಂದು ವಸ್ತುವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ನಿಮ್ಮ ತಮ್ಮನಿಗೆ ಹೇಳಿ, ಇಲ್ಲಿ ಲೆಕ್ಕ ಹಾಕಬೇಕಾದ ಇಳಿಜಾರು ಕಲ್ಲಟ್ಟಿ ಒಂದೇ ಅಲ್ಲ.

ಪಾಲಡದ ಹತ್ತಿರ ಬೆಳಿಗ್ಗೆ ಕ್ಯಾರೆಟ್ ತೊಳೆಯುವುದು ನೋಡಬಹುದು. ಹೊಲದಿಂದ ಕಿತ್ತು ತಂದಾಗ ಅದು ಬರೀ ಮಣ್ಣಿನ ಮುದ್ದೆ. ತಿರುಗುವ ದೊಡ್ಡ ಪೀಪಾಯಿಗೆ ಸುರಿದು ನೀರು ಬಿಡುತ್ತಾರೆ. ಮೊದಲು ಕೆಂಪು ನೀರು, ಆಮೇಲೆ ನಸುಗೆಂಪು, ಕೊನೆಗೆ ತಿಳಿನೀರು ಬರುತ್ತದೆ, ಅಷ್ಟು ಹೊತ್ತಿಗೆ ಕ್ಯಾರೆಟ್ ಕಣ್ಣು ಕುಕ್ಕುತ್ತಿರುತ್ತದೆ. ಮೂಟೆ ಹೊರುವವರು ಮೊಣಕಾಲವರೆಗೆ ಬೂಟು ಹಾಕಿಕೊಂಡು ಆ ಚಳಿಯಲ್ಲಿ ನೀರಿನಲ್ಲೇ ನಿಂತಿರುತ್ತಾರೆ. ಕೇಳಿದರೆ ಒಂದೆರಡು ಕೈಗೆ ಕೊಡುತ್ತಾರೆ. ಎನರ್ಜಿ ಬಾರ್ ಯಾರಿಗೆ ಬೇಕು.

ಅಲ್ಲಿಂದ ಇತ್ತಲಾರ್ ಕಡೆ ರಸ್ತೆ ಏರುತ್ತದೆ, ಇಳಿಯುತ್ತದೆ. ಆಲೂಗಡ್ಡೆ ಹೊಲ, ಟೀ ತೋಟ, ಇಲ್ಲಿನ ಬೇಸಾಯಗಾರರಾದ ಬಡಗರ ಹಟ್ಟಿಗಳು (ಊರುಗಳು). ಹಟ್ಟಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ಇರುತ್ತವೆ. ದಾರಿ ತಪ್ಪಿದರೆ ಕನ್ನಡದಲ್ಲೇ ಕೇಳಿ, ಬಡಗದಲ್ಲಿ ಉತ್ತರ ಬರುತ್ತದೆ, ಎರಡೂ ಕಡೆ ಅರ್ಥವಾಗುತ್ತದೆ. ಎಮರಾಲ್ಡ್ ಊರು ದಾಟಿದ ಮೇಲೆ ಒಂದು ತಿರುವಿನಲ್ಲಿ ಕೆರೆ ಕಣ್ಣಿಗೆ ಬೀಳುತ್ತದೆ. ಊಟಿಯಿಂದ ಅವಲಾಂಚ್‌ವರೆಗೆ ಸುಮಾರು 28 ಕಿಲೋಮೀಟರ್. ಬೆಳಿಗ್ಗೆ ಹೊರಟು ಕೆರೆ ಹತ್ತಿರ ಬುತ್ತಿ ಬಿಚ್ಚಿ, ಸಾಯಂಕಾಲದೊಳಗೆ ವಾಪಸ್ ಬರಬಹುದು. ಆದರೆ ವಾಪಸ್ ಬರುವಾಗಲೇ ಏರು ಜಾಸ್ತಿ, ಹೋಗುವಾಗಿನ ಖುಷಿಯಲ್ಲಿ ಕಾಲಿನ ಬಲವನ್ನೆಲ್ಲ ಖರ್ಚು ಮಾಡಬೇಡಿ.

ಹೊಸೂರು ಪೆಡಲ್
ಇಷ್ಟು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. 82 ಸೆಂಟಿಮೀಟರ್ ಓದಿ ತಮ್ಮನ ಹೆಂಡತಿ ಫೋನ್ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಆದರೆ ಮೂವರಿಗೂ ಒಟ್ಟಿಗೆ ರಜೆ ಸಿಗುವುದು ಆಗಸ್ಟ್‌ನಲ್ಲೇ. ಜನವರಿಗೆ ಇನ್ನೊಂದು ಸಲ ನೋಡಬಹುದು, ಗ್ಯಾರಂಟಿ ಇಲ್ಲ.

ಎರಡು ಪ್ರಶ್ನೆ. ಎಮರಾಲ್ಡ್ ಕೆರೆ, ಅವಲಾಂಚ್ ಕೆರೆ ಬೇರೆ ಬೇರೆನಾ? ಅವಲಾಂಚ್ ಕಾಡಿನೊಳಗೆ, ಅಪ್ಪರ್ ಭವಾನಿವರೆಗೆ ಸೈಕಲ್ ಬಿಡುತ್ತಾರಾ?

ಊಟಿ ಚಳಿ
ಎರಡು ಅಣೆಕಟ್ಟು, ಅಕ್ಕಪಕ್ಕದ ನೀರು. ಕುಂದಾ ಜಲವಿದ್ಯುತ್ ಯೋಜನೆಗೆ ಕಟ್ಟಿದ್ದು, ಕೆನಡಾ ದೇಶದ ನೆರವಿನಿಂದ. ಅಪ್ಪರ್ ಭವಾನಿ, ಪೋರ್ತಿಮಂದ್, ಪಾರ್ಸನ್ಸ್ ವ್ಯಾಲಿ ಇವೆಲ್ಲ ಅಣೆಕಟ್ಟಿನ ನೀರೇ. ಊಟಿ ಪೇಟೆಯ ಕೆರೆ ಕೂಡ ಕಟ್ಟಿಸಿದ್ದು, 1820ರ ದಶಕದಲ್ಲಿ ಜಾನ್ ಸಲಿವನ್ ತೊರೆಗೆ ಅಡ್ಡಕಟ್ಟೆ ಹಾಕಿಸಿ. ನೀಲಗಿರಿ ಕೆರೆ ಅಂತ ನಾವು ಫೋಟೊ ತೆಗೆಯುವುದರಲ್ಲಿ ಹೆಚ್ಚಿನವು ಕರೆಂಟಿಗೆ ಕಟ್ಟಿದವು. ಅದಕ್ಕೇ ಬೇಸಿಗೆಯಲ್ಲಿ ನೀರು ಇಳಿದಾಗ ದಡದಲ್ಲಿ ಕೆಂಪು ಮಣ್ಣಿನ ಮೆಟ್ಟಿಲು ಮೆಟ್ಟಿಲು ಬರೆ ಎದ್ದು ಕಾಣುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಂದವರು ಇದೇನಾ ಕೆರೆ ಅಂತ ಕೇಳುತ್ತಾರೆ.

ಒಳಗೆ ಸೈಕಲ್ ಬಿಡುವುದಿಲ್ಲ. ಅವಲಾಂಚ್ ಕಾಡಿನೊಳಗೆ ಅರಣ್ಯ ಇಲಾಖೆಯ ಗಾಡಿಯಲ್ಲೇ ಹೋಗಿಬರಬೇಕು. ಚೆಕ್‌ಪೋಸ್ಟ್‌ನಲ್ಲಿ ವಾದ ಮಾಡಬೇಡಿ, ಸುಮ್ನೆ ಸಮಯ ಹಾಳು. ಶೋಲಾ ಕಾಡು ನೋಡಬೇಕು ಅಂದರೆ ಗಾಡಿಗೆ ಟಿಕೆಟ್ ತಗೊಳ್ಳಿ, ಸೈಕಲ್ ಹೊರಗೆ ಬೀಗ ಹಾಕಿ ನಿಲ್ಲಿಸಿ.

ಬದಿಯಡ್ಕದ ಭಟ್ರು
ನಾನು ಕಾಸರಗೋಡಿನಿಂದ ಓದುತ್ತಾ ಇದ್ದೇನೆ. ಎಂತದು ಮಾರಾಯ್ರೆ, ಆಗಸ್ಟ್ ಮಳೆಗೆ ಇಷ್ಟು ಹೆದರುವುದಾ? ನಮ್ಮಲ್ಲಿ ಮಳೆಗಾಲದಲ್ಲಿ ಸೈಕಲ್ ಬಿಡಬಾರದು ಅಂದರೆ ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಮನೆಯಲ್ಲೇ ಕೂರಬೇಕಾದೀತು. ಪೊಸಡಿ ಗುಂಪೆಗೆ ಮಳೆಯಲ್ಲೇ ಹೋಗುತ್ತೇವೆ. ಮೋಡ ಸರಿದರೆ ಸಮುದ್ರ ಕಾಣುತ್ತದೆ, ಸರಿಯದಿದ್ದರೆ ಚಾ ಕುಡಿದು ಬರುವುದು.

ಆದರೆ ನನಗೂ ಒಂದು ಸಂಶಯ ಉಂಟು. ನಮ್ಮಲ್ಲಿ ಗುಡ್ಡ ಸಣ್ಣದು, ಇಳಿಯುವುದು ಐದು ನಿಮಿಷದ ಕೆಲಸ. ಊಟಿಯಿಂದ ಮೇಟುಪಾಳ್ಯದವರೆಗೆ ಇಳಿಯುವಾಗ ರಿಮ್ ಬ್ರೇಕ್ ಸಾಕಾಗ್ತದಾ? ನನ್ನ ಸೈಕಲ್‌ಗೆ ಡಿಸ್ಕ್ ಇಲ್ಲ.

ಗೂಡಲೂರು ಗೇರ್
ಭಟ್ರೇ, ಒಳ್ಳೆಯ ಪ್ರಶ್ನೆ ಕೇಳಿದಿರಿ. ಹತ್ತುವುದಕ್ಕೆ ಎಲ್ಲರೂ ತಯಾರಿ ಮಾಡುತ್ತಾರೆ, ಕೈಕಾಲು ಮುರಿದುಕೊಳ್ಳುವುದು ಇಳಿಯುವಾಗ.

ಊಟಿಯಿಂದ ಮೇಟುಪಾಳ್ಯಕ್ಕೆ 1,900 ಮೀಟರ್ ಇಳಿಜಾರು, 50 ಕಿಲೋಮೀಟರ್ ಮೇಲೆ ಒಂದಿಷ್ಟು. ಆ ಶಕ್ತಿಯಲ್ಲಿ ಗಾಳಿಗೆ ಹೋಗುವುದು ಹೋಗುತ್ತದೆ, ಉಳಿದಿದ್ದು ಬ್ರೇಕ್‌ನಲ್ಲಿ ಬಿಸಿಯಾಗಬೇಕು. ರಿಮ್ ಬ್ರೇಕ್‌ನಲ್ಲಿ ಬಿಸಿಯಾಗುವುದು ರಿಮ್ಮೇ, ಅದರೊಳಗೆ ಟ್ಯೂಬು ಇದೆ. ಬ್ರೇಕ್ ಹಿಡಿದುಕೊಂಡೇ ಕೆಳಗಿನವರೆಗೂ ಬಂದರೆ ರಿಮ್ ಕಾದು ಟ್ಯೂಬಿನ ಗಾಳಿ ಹಿಗ್ಗಿ ಢಬ್ ಅಂತ ಒಡೆಯುತ್ತದೆ. ಹಾಗೆ ಒಡೆದ ಟ್ಯೂಬ್ ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದವರಿದ್ದಾರೆ. ಮುಂದಿನ ಗಾಲಿದಾದರೆ ಅಂಗಡಿಗಲ್ಲ, ಆಸ್ಪತ್ರೆಗೆ.

ನೇರ ರಸ್ತೆಯಲ್ಲಿ ಬ್ರೇಕ್ ಬಿಟ್ಟು ಗಾಳಿಗೆ ರಿಮ್ ತಣ್ಣಗಾಗಲು ಬಿಡಿ. ತಿರುವು ಬರುವ ಮುಂಚೆ, ಸೈಕಲ್ ನೆಟ್ಟಗಿರುವಾಗಲೇ ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ತಿರುವಿನೊಳಗೆ ಬಿಟ್ಟುಬಿಡಿ. ಆಗಾಗ ನಿಂತು ರಿಮ್ ಹತ್ತಿರ ಕೈ ಹಿಡಿದು ನೋಡಿ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು, ಗೊತ್ತಾಗುತ್ತದೆ. ಮಳೆಯಲ್ಲಿ ಇನ್ನೊಂದು ತಾಪತ್ರಯ: ರಿಮ್ ಒದ್ದೆಯಾದರೆ ಮೊದಲ ಎರಡು ಮೂರು ಸುತ್ತು ಬ್ರೇಕ್ ಹಿಡಿಯುವುದೇ ಇಲ್ಲ, ಆಮೇಲೆ ತಟ್ಟನೆ ಹಿಡಿಯುತ್ತದೆ. ಮತ್ತೆ ಘಾಟಿಯಲ್ಲಿ ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು, ಬಸ್ಸಿನವರು ತಿರುವಿನಲ್ಲಿ ಇಡೀ ರಸ್ತೆ ತಗೊಂಡೇ ತಿರುಗಿಸುತ್ತಾರೆ. ಬಸ್ಸಿನ ಮೂತಿ ಕಂಡರೆ ಎಡಕ್ಕೆ ಸರಿದು ನಿಂತುಬಿಡಿ.

ಡಿಸ್ಕ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹೊಸ ಬ್ರೇಕ್ ಶೂ ಹಾಕಿಸಿ ಬನ್ನಿ. ಹಳೆಯದರಲ್ಲಿ ಇನ್ನೂ ರಬ್ಬರ್ ಇದೆ ಅಂತ ಲೆಕ್ಕ ಹಾಕಬೇಡಿ, ಒಂದು ಒದ್ದೆ ಇಳಿಜಾರು ಅರ್ಧ ತಿಂದುಹಾಕುತ್ತದೆ.

ಬದಿಯಡ್ಕದ ಭಟ್ರು
ಅಂದರೆ ಇಳಿಯುವಾಗ ಬಸ್ಸಿಗೆ ಹಾಕುವುದೇ ಒಳ್ಳೆಯದು ಅಂತಾಯ್ತು. ನನಗೆ ಹಾಗೇ ಕೇಳಿಸಿತು.

ಕೋತಗಿರಿ ಕಾಟಿ
ಹೊಸೂರಕ್ಕ, ಆಗಸ್ಟ್ ಅಂದರೆ ನಮ್ಮ ಕಡೆ ಬನ್ನಿ. ಮಳೆಗಾಲದ ಮೋಡಗಳನ್ನು ದೊಡ್ಡಬೆಟ್ಟ ತಡೆಯುತ್ತದೆ. 2,637 ಮೀಟರ್ ಗೋಡೆ ಅದು, ನಾವಿರುವುದು ಅದರ ಪೂರ್ವದ ಮಗ್ಗುಲಲ್ಲಿ. ಊಟಿಯಲ್ಲಿ ಕೊಡೆ ಬಿಚ್ಚಿರುವ ದಿನ ಎಷ್ಟೋ ಸಲ ಕೋತಗಿರಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ. ತುಂತುರು ಬರುತ್ತದೆ, ಹೋಗುತ್ತದೆ.

ಕೋತಗಿರಿಯಿಂದ ಕೋಡನಾಡಿಗೆ ಸುಮಾರು 18 ಕಿಲೋಮೀಟರ್. ಟೀ ತೋಟದ ನಡುವೆ ಅಲೆ ಅಲೆಯಾಗಿ ಹೋಗುವ ರಸ್ತೆ, ಕೊಲ್ಲುವಂಥ ಏರು ಎಲ್ಲೂ ಇಲ್ಲ. ದಾರಿ ಮುಗಿಯುವಲ್ಲಿ ಬೆಟ್ಟವೂ ಮುಗಿಯುತ್ತದೆ. ಕಂಬಿ ಹಿಡಿದು ನಿಂತರೆ ಕೆಳಗೆ ಮೋಯಾರ್ ಕಣಿವೆ, ಆ ಕಡೆ ತೆಂಗುಮರಹಾಡ, ಇನ್ನೂ ಆಚೆಗೆ ತಾಳವಾಡಿ ಕಡೆಯ ಬೆಟ್ಟಗಳು. ಕೆರೆ ಇಲ್ಲ, ಅದು ನಿಜ. ಆದರೆ ಅಷ್ಟು ಕೆಳಗೆ ಹೊಳೆ ಒಂದು ಗೆರೆ ಎಳೆದ ಹಾಗೆ ಕಾಣುತ್ತದೆ, ಬಿಸಿಲು ಬಿದ್ದರೆ ಗೆರೆ ಮಿಂಚುತ್ತದೆ. ಮಧ್ಯಾಹ್ನದ ಮೇಲೆ ಮಂಜು ಏರಿಬರುತ್ತದೆ, ಹತ್ತು ಗಂಟೆಯೊಳಗೆ ಅಲ್ಲಿರಿ.

ಎಚ್ಚರಿಕೆ ಅಂದರೆ ಎರಡು. ಟೀ ತೋಟದಲ್ಲಿ ಕಾಟಿಗಳು, ಅಂದರೆ ಕಾಡುಕೋಣಗಳು, ಮೇಯುತ್ತಿರುತ್ತವೆ, ಕೆಲವು ಸಲ ರಸ್ತೆಯಲ್ಲೇ ನಿಂತಿರುತ್ತವೆ. ಬೆಲ್ ಹೊಡೆಯಬೇಡಿ, ಫೋಟೊಗೆ ಹತ್ತಿರ ಹೋಗಬೇಡಿ. ದೂರದಲ್ಲಿ ನಿಲ್ಲಿ, ಅದರ ಪಾಡಿಗೆ ಅದು ಹೋಗುತ್ತದೆ. ಇನ್ನೊಂದು, ಮೇಟುಪಾಳ್ಯದಿಂದ ಕೋತಗಿರಿಗೆ 33 ಕಿಲೋಮೀಟರ್ ಸೈಕಲ್‌ನಲ್ಲೇ ಹತ್ತುವ ಆಸೆ ಇದ್ದರೆ ಕುಂಜಪ್ಪನೆ ಸುತ್ತಮುತ್ತ ಜೋಪಾನ. ಹಲಸಿನ ಕಾಲದಲ್ಲಿ ಆನೆಗಳು ಹಣ್ಣಿಗಾಗಿ ಅಲ್ಲಿಗೆ ಬರುತ್ತವೆ. ಆಗಸ್ಟ್ ಹೊತ್ತಿಗೆ ಹಲಸು ಮುಗಿಯುತ್ತಾ ಬಂದಿರುತ್ತದೆ, ಆದರೂ ಬೆಳಗಿನ ಜಾವ, ಸಂಜೆ ಬೇಡ. ಆ ರಸ್ತೆಯಲ್ಲಿ ಬಸ್ಸಿನ ಡ್ರೈವರ್ ಏನು ಹೇಳುತ್ತಾರೋ ಅದನ್ನು ಕೇಳಿ, ಅವರಿಗೆ ಆನೆ ಇವತ್ತು ಎಲ್ಲಿದೆ ಅಂತ ಗೊತ್ತಿರುತ್ತದೆ.

ಮೂವತ್ತಾರು ತಿರುವು
ಟೀ ತೋಟ ಒಂದು ನೋಡಿದರೆ ಎಲ್ಲ ನೋಡಿದ ಹಾಗೆ. ಎರಡು ದಿನ ಹಸಿರು ಚಾಪೆ ನೋಡೋಕೆ ಹೊಸೂರಿನಿಂದ ಬರಬೇಕಾ?

ಕೋತಗಿರಿ ಕಾಟಿ
ತಿರುವು ಒಂದು ಹತ್ತಿದರೂ 36 ಹತ್ತಿದ ಹಾಗೆಯೇ ಅಲ್ವಾ ಹಾಗಾದರೆ?

ಗೂಡಲೂರು ಗೇರ್
ತಿರುವಿನ ಲೆಕ್ಕವೇ ದೊಡ್ಡದು ಅನ್ನುವುದಾದರೆ ಮುಳ್ಳಿಯಿಂದ ಗೆದ್ದೆ ಮೇಲೆ ಮಂಜೂರಿಗೆ ಹತ್ತಿ ಅಣ್ಣ, 43 ಇದೆ. ಅಲ್ಲಿಗೆ ಹೆಸರೇ ಬದಲಾಯಿಸಿಕೊಳ್ಳಬೇಕಾಗುತ್ತದೆ ನೀವು. ಆದರೆ ಅದೂ ಆನೆ ಕಾಡು, ಹೊಸಬರಿಗೆ ಹೇಳುವ ದಾರಿ ಅಲ್ಲ.

ಮೂವತ್ತಾರು ತಿರುವು
ನಲವತ್ತಮೂರು ತಿರುವು ಅಂದರೆ ಚೆನ್ನಾಗಿರಲ್ಲ ಬಿಡಿ. ತಮಾಷೆ ಸಾಕು, ಒಂದು ವಿಷಯ ಒಪ್ಪುತ್ತೇನೆ: ಕಲ್ಲಟ್ಟಿಯನ್ನು ಇಳಿಯಬೇಡಿ. ಅದು ನಾನೂ ಯಾರಿಗೂ ಹೇಳುವುದಿಲ್ಲ. ಹೊರಗಿನ ಕಾರುಗಳನ್ನೇ ಆ ಕಡೆ ಇಳಿಯಲು ಬಿಡದ ಹಾಗೆ ಮಾಡಿದ್ದಾರೆ ಅಂದರೆ ಇಳಿಜಾರು ಹೇಗಿದೆ ನೋಡಿಕೊಳ್ಳಿ. ತಮ್ಮನಿಗೆ ಅಷ್ಟು ಆಸೆ ಇದ್ದರೆ ತಲೈಕುಂದದಿಂದ ಒಂದೆರಡು ತಿರುವು ಇಳಿದು ವಾಪಸ್ ಹತ್ತಲಿ, ಒಂದು ಗಂಟೆಯಲ್ಲಿ ಆಸೆ ತೀರುತ್ತದೆ.

ತಾಳವಾಡಿ ಮೇಷ್ಟ್ರು
ಎಲ್ಲರೂ ಊಟಿ ಊಟಿ ಅಂತಿದ್ದೀರಿ, ನಮ್ಮ ತಾಳವಾಡಿಯ ಹೆಸರನ್ನು ಕೋಡನಾಡಿನ ಮೇಲಿಂದ ಬೆಟ್ಟು ಮಾಡಿ ತೋರಿಸಿ ಬಿಟ್ಟಿರಿ. ನಮ್ಮದೂ ಒಂದು ದಾರಿ ಕೇಳಿ.

ಹೊಸೂರಿನ ತಾಯಿಗೆ ಆಗಸ್ಟ್‌ನಲ್ಲೇ ಕೆರೆಯೂ ಬೇಕು, ಬೆಟ್ಟವೂ ಬೇಕು ಅಂದರೆ ಮಳೆ ನೆರಳಿನ ಈ ಕಡೆ ಬರಲಿ. ನಮಗೆ ಆಗಸ್ಟ್‌ನಲ್ಲಿ ಗಾಳಿ ಜಾಸ್ತಿ, ಮಳೆ ಕಮ್ಮಿ. ನಮ್ಮ ಮಳೆ ಸೆಪ್ಟೆಂಬರ್, ಅಕ್ಟೋಬರ್‌ದು. ತಾಳವಾಡಿಯಿಂದ ಚಾಮರಾಜನಗರ ಕಡೆಗೆ ರಸ್ತೆ ಬಹುಪಾಲು ಸಮತಟ್ಟು. ಗಡಿಯ ಹತ್ತಿರ ಚಿಕ್ಕಹೊಳೆ ಜಲಾಶಯ, ಅಟ್ಟುಗುಳಿಪುರದ ಕಡೆ ಸುವರ್ಣಾವತಿ ಜಲಾಶಯ. ಏರಿ ಮೇಲೆ ನಿಂತರೆ ಎದುರಿಗೆ ಬಿಳಿಗಿರಿರಂಗನ ಬೆಟ್ಟದ ಸಾಲು. ಟಿಕೆಟ್ಟಿಲ್ಲ, ಕ್ಯೂ ಇಲ್ಲ. ನೀರು ಎಷ್ಟಿರುತ್ತದೆ ಅನ್ನುವುದು ಆ ವರ್ಷದ ಮಳೆಗೆ ಬಿಟ್ಟಿದ್ದು. ನೀರಿಲ್ಲದಿದ್ದರೆ ಕೆರೆ ಅಂಗಳದಲ್ಲಿ ದನ ಮೇಯುವುದು ಕಾಣುತ್ತದೆ, ಅದೂ ಚೆಂದವೇ.

ಊರೊಳಗಿನ ರಸ್ತೆಗಳು ಸೈಕಲ್‌ಗೆ ಹೇಳಿ ಮಾಡಿಸಿದ ಹಾಗಿವೆ. ಅರಿಶಿನ, ಎಲೆಕೋಸು, ಬಾಳೆ, ರಾಗಿ. ದೊಡ್ಡ ಗಾಜನೂರು ನಮ್ಮ ಪಕ್ಕದ್ದೇ, ಡಾ. ರಾಜ್‌ಕುಮಾರ್ ಅವರ ಊರು. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಕರೆದುಕೊಂಡು ಹೋದದ್ದು ಇಲ್ಲಿಂದಲೇ. 108 ದಿನ ಕನ್ನಡನಾಡು ಉಸಿರು ಬಿಗಿಹಿಡಿದಿತ್ತು. ಸೈಕಲ್‌ನಲ್ಲಿ ಬಂದ ಬೆಂಗಳೂರಿನ ಹುಡುಗರು ಅಲ್ಲಿ ನಿಂತು ಕೈಮುಗಿದು ಹೋಗುವುದನ್ನು ನೋಡಿದ್ದೇನೆ.

ಆದರೆ ದಯವಿಟ್ಟು ಹಾಸನೂರು, ದಿಂಬಂ ಕಡೆ ಸೈಕಲ್ ತಿರುಗಿಸಬೇಡಿ. ದಿಂಬಂ ಘಾಟಿಗೆ 27 ತಿರುವು, ಅಂತ ಇಲ್ಲಿ ಯಾರೋ ಎಣಿಸಲು ಶುರು ಮಾಡುವ ಮುಂಚೆಯೇ ಹೇಳುತ್ತಿದ್ದೇನೆ. ಅದು ಸತ್ಯಮಂಗಲ ಹುಲಿ ಮೀಸಲು ಕಾಡು. ಕಬ್ಬಿನ ಲಾರಿ ಬರುತ್ತದೆ ಅಂತ ಆನೆಗಳು ರಸ್ತೆಗೆ ಅಡ್ಡ ನಿಂತು ಕಾಯುವ ಜಾಗ. ಲಾರಿಯವರು ಒಂದೆರಡು ಕಟ್ಟು ಕಬ್ಬು ಎಸೆದು ಪಾರಾಗುತ್ತಾರೆ. ನೀವು ಏನು ಎಸೆಯುತ್ತೀರಿ, ಪಂಪಾ?

ಹಾಗೇ ಒಂದು ಮಾತು, ದೀಪಾವಳಿ ಮುಗಿದ ಮಾರನೇ ದಿನ ಬಂದರೆ ಗುಮಟಾಪುರದ ಕಡೆ ಹುಷಾರು. ಅವತ್ತು ಗೊರೆಹಬ್ಬ, ಊರ ಗಂಡಸರು ಸಗಣಿ ಗುಡ್ಡೆ ಹಾಕಿಕೊಂಡು ಒಬ್ಬರ ಮೇಲೊಬ್ಬರು ಎರಚಾಡುತ್ತಾರೆ. ನೋಡಲು ಹೋಗಿ, ಸೈಕಲ್ ದೂರ ನಿಲ್ಲಿಸಿ.

ಹೊಸೂರು ಪೆಡಲ್
ಮೇಷ್ಟ್ರೇ, ಇದು ನಮಗೆ ಗೊತ್ತೇ ಇರಲಿಲ್ಲ. ತಾಳವಾಡಿ ಅಂದರೆ ಸುದ್ದಿಯಲ್ಲಿ ಆನೆ ಬಂದಾಗ ಮಾತ್ರ ಕೇಳುವ ಹೆಸರು. ಅಲ್ಲಿ ಉಳಿಯಲು ವ್ಯವಸ್ಥೆ ಇದೆಯಾ?

ತಾಳವಾಡಿ ಮೇಷ್ಟ್ರು
ಚಾಮರಾಜನಗರದಲ್ಲಿ ಉಳಿಯಿರಿ ತಾಯಿ, ಬಿಸಿನೀರು ಬರುವ ಲಾಡ್ಜ್ ಸಿಗುತ್ತದೆ. ಬೆಳಿಗ್ಗೆ ಹೊರಟು ನಮ್ಮ ಕಡೆ ಸುತ್ತಿ ಸಂಜೆ ವಾಪಸ್. ಕತ್ತಲಾದ ಮೇಲೆ ಕಾಡಂಚಿನ ಊರುಗಳ ರಸ್ತೆಯಲ್ಲಿ ನಾವೇ ಓಡಾಡುವುದಿಲ್ಲ. ರಾಗಿ ಹೊಲಕ್ಕೆ ಆನೆ ಬರುವ ಹೊತ್ತು ಅದು.

ಊಟಿ ಚಳಿ
ಎಲ್ಲಿಗೆ ಬಂದರೂ ನೀಲಗಿರಿ ಜಿಲ್ಲೆಯೊಳಗೆ ಕಾಲಿಡುವ ಮುಂಚೆ ಒಂದೆರಡು ಸಂಗತಿ. 2024ರ ಮೇ ತಿಂಗಳಿನಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. ಸೈಕಲ್‌ಗಲ್ಲ, ಸೈಕಲ್ ಕಟ್ಟಿಕೊಂಡು ಬರುವ ಕಾರಿಗೆ. ಸರ್ಕಾರಿ ಬಸ್ಸಿನಲ್ಲಿ ಬಂದರೆ ಆ ತಲೆನೋವಿಲ್ಲ. ಪ್ಲಾಸ್ಟಿಕ್ ನೀರಿನ ಬಾಟಲಿ ಇಲ್ಲಿ ನಿಷೇಧ, ಚೆಕ್‌ಪೋಸ್ಟ್‌ನಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ. ಸ್ಟೀಲ್ ಬಾಟಲಿಯೋ ಸೈಕಲ್ ಬಾಟಲಿಯೋ ತನ್ನಿ, ರಸ್ತೆ ಬದಿಯಲ್ಲಿ ನೀರಿನ ಎಟಿಎಂ ಇವೆ.

ಪೈಕಾರ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಊಟಿಯಿಂದ 20 ಕಿಲೋಮೀಟರ್, ದಾರಿಯಲ್ಲಿ ಕಾಮರಾಜ ಸಾಗರ, ಪೈನ್ ಕಾಡು, ಹುಲ್ಲು ಬೋಳುಗಳು. ನೋಡಲು ಬಹಳ ಚೆಂದ, ಆದರೆ ಅದು ಗೂಡಲೂರು ಹೆದ್ದಾರಿ. ಒಂಬತ್ತು ಗಂಟೆ ಮೇಲೆ ಶೂಟಿಂಗ್ ಪಾಯಿಂಟ್ ಹತ್ತಿರ ಕಾರು ನಿಲ್ಲಿಸಿ ಜೋಳ ತಿನ್ನುವವರ ನಡುವೆ ಸೈಕಲ್ ನುಗ್ಗಿಸುವುದೇ ದೊಡ್ಡ ಕೆಲಸ. ಹೋಗುವುದಾದರೆ ಬೆಳಕು ಹರಿಯುತ್ತಲೇ ಹೋಗಿ ತಿಂಡಿ ಹೊತ್ತಿಗೆ ವಾಪಸ್ ಬನ್ನಿ. ದಾರಿಯಲ್ಲಿ ಇಲ್ಲಿನ ಆದಿವಾಸಿಗಳಾದ ತೋಡರ ಮಂದುಗಳು ಸಿಗುತ್ತವೆ. ಅವು ಅವರ ಮನೆ ಮತ್ತು ಗುಡಿ, ಕೇಳದೆ ಒಳಗೆ ನುಗ್ಗಿ ಫೋಟೊ ತೆಗೆಯಬೇಡಿ.

ಜನವರಿಯಲ್ಲಿ ಬಂದರೆ ಇದಕ್ಕೆ ಉಲ್ಟಾ. ತಲೈಕುಂದ, ಸ್ಯಾಂಡಿನಲ್ಲಾ ಕಡೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಉಪ್ಪು ಚೆಲ್ಲಿದ ಹಾಗಿರುತ್ತದೆ. ಸೊನ್ನೆಯ ಹತ್ತಿರ ಚಳಿ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲಾಗುವುದಿಲ್ಲ, ಹಾಗಾಗಿ ಬಿಸಿಲು ಬಂದ ಮೇಲೆ ಹೊರಡಿ, ಪೂರ್ತಿ ಬೆರಳಿನ ಗ್ಲೌಸ್ ತನ್ನಿ.

ಬದಿಯಡ್ಕದ ಭಟ್ರು
ತಿನ್ನಲಿಕ್ಕೆ ಎಂತ ಸಿಗ್ತದೆ? ಅದನ್ನು ಯಾರೂ ಹೇಳಲಿಲ್ಲ. ದಾರಿ ಎಲ್ಲ ಸರಿ.

ಊಟಿ ಚಳಿ
ಊಟಿ ವರ್ಕಿ ಭಟ್ರೇ, ಪದರ ಪದರದ ಗರಿಗರಿ ಬಿಸ್ಕತ್ತು, 2023ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಗುರುತು) ಬಂದಿದೆ. ಬಿಸಿ ಟೀಗೆ ಅದ್ದಿ ತಿನ್ನಬೇಕು, ಜೇಬಿಗೆ ಹಾಕಿಕೊಂಡರೆ ಪುಡಿಯಾಗುತ್ತದೆ. ಪರಿಚಯದ ಬಡಗರ ಮನೆ ಇದ್ದರೆ ಅವರೆ ಉದಕ (ಅವರೆಕಾಳಿನ ಸಾರು) ಕೇಳಿ, ಹಿಟ್ಟಿನ ಜೊತೆ. ಹೋಟೆಲ್‌ನಲ್ಲಿ ಅದು ಸಿಗುವುದು ಅಪರೂಪ.

ಹೊಸೂರು ಪೆಡಲ್
ಸರಿ, ಮನೆಯಲ್ಲಿ ಪಂಚಾಯಿತಿ ಮುಗಿಯಿತು. ಹಲ್ಲು ಎಣಿಸಿದ್ದೇವೆ. ನನ್ನದು, ತಮ್ಮನ ಹೆಂಡತಿಯದು ಮುಂದೆ ಮೂರು ಚಕ್ರ, ಸಣ್ಣದಕ್ಕೆ 28. ತಮ್ಮನದು ಮುಂದೆ ಒಂದೇ ಚಕ್ರ, 42. ಅವನು ಈಗ ಕಲ್ಲಟ್ಟಿ ಬಗ್ಗೆ ಮಾತಾಡುತ್ತಿಲ್ಲ.

ಆಗಸ್ಟ್‌ನಲ್ಲಿ ಕಾರಿನಲ್ಲಿ ಕೋತಗಿರಿಗೆ ಬಂದು ಕೋಡನಾಡು ಒಂದು ದಿನ. ಆಮೇಲೆ ಇಳಿದು ಚಾಮರಾಜನಗರಕ್ಕೆ ಬಂದು ಸುವರ್ಣಾವತಿ, ಚಿಕ್ಕಹೊಳೆ, ತಾಳವಾಡಿ. ಎಮರಾಲ್ಡ್ ಪೊಂಗಲ್ ಮುಗಿದ ಮೇಲೆ, ಜನವರಿ ಕೊನೆಗೆ. ಹಬ್ಬದ ರಜೆಯಲ್ಲಿ ಊಟಿಗೆ ಬರುವ ಧೈರ್ಯ ನಮಗಿಲ್ಲ. ಕೋತಗಿರಿಯಿಂದ ಚಾಮರಾಜನಗರಕ್ಕೆ ಕಾರಿನಲ್ಲಿ ಯಾವ ಕಡೆಯಿಂದ ಬರುವುದು ಒಳ್ಳೆಯದು?

ತಾಳವಾಡಿ ಮೇಷ್ಟ್ರು
ಮೇಟುಪಾಳ್ಯಕ್ಕೆ ಇಳಿದು ಸತ್ಯಮಂಗಲ, ಬಣ್ಣಾರಿ, ದಿಂಬಂ ಮೇಲೆ. ಬಣ್ಣಾರಿ ಅಮ್ಮನ ದರ್ಶನವೂ ಆಗುತ್ತದೆ. ಹಗಲಲ್ಲೇ ಘಾಟಿ ದಾಟಿ, ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಹಾಸನೂರು ದಾಟುವವರೆಗೆ ಕಾರಿನಿಂದ ಇಳಿಯಬೇಡಿ, ಮಂಗಗಳಿಗೆ ಏನೂ ಕೊಡಬೇಡಿ. ಪುಣಜನೂರು ಚೆಕ್‌ಪೋಸ್ಟ್ ದಾಟಿದರೆ ನಮ್ಮ ಬಯಲು.

ಗೂಡಲೂರು ಗೇರ್
ಕಾರಿನ ಹಿಂದೆ ಸೈಕಲ್ ಕಟ್ಟುವುದಾದರೆ ನಂಬರ್ ಪ್ಲೇಟ್ ಮುಚ್ಚದ ಹಾಗೆ ಕಟ್ಟಿ, ಚೆಕ್‌ಪೋಸ್ಟ್‌ನಲ್ಲಿ ಕಿರಿಕಿರಿ ತಪ್ಪುತ್ತದೆ. ಮುಂದಿನ ಗಾಲಿ ಬಿಚ್ಚಿ ಒಳಗಿಟ್ಟುಕೊಂಡರೆ ತಿರುವುಗಳಲ್ಲಿ ಅಲ್ಲಾಡುವುದೂ ಕಮ್ಮಿ. ಮತ್ತೆ ತಮ್ಮನಿಗೆ ಹೇಳಿ, ಜನವರಿಯೊಳಗೆ ಮುಂದಿನ 42 ತೆಗೆಸಿ ಸಣ್ಣ ಚಕ್ರ ಹಾಕಿಸಲಿ ಅಂತ. ಎಮರಾಲ್ಡ್‌ನಿಂದ ವಾಪಸ್ ಬರುವ ಏರಿಗೂ ಅದು ಬೇಕಾಗುತ್ತದೆ. ಚೈನ್ ಉದ್ದವನ್ನೂ ಜೊತೆಗೇ ಸರಿಮಾಡಿಸಬೇಕು, ಇಲ್ಲದಿದ್ದರೆ ಜೋತುಬಿದ್ದು ಕಳಚುತ್ತದೆ.

ಮೂವತ್ತಾರು ತಿರುವು
ಚಕ್ರ ಬದಲಾಯಿಸಿದ ಮೇಲೆ ತಮ್ಮನನ್ನು ನನ್ನ ಹತ್ತಿರ ಕಳಿಸಿ.